ಜತ್ತಕ್ಕೆ ಬಂದ ಆಸ್ಟ್ರೇಲಿಯದ ವಸ್ತಾದ

ವಿಜಯಪುರದಿಂದ ಪಡುವಣಕ್ಕೆ ಹೊರಟವರಿಗೆ ಕರ್ನಾಟಕ ಎಲ್ಲಿ ಮುಗಿಯಿತು, ಮಹಾರಾಷ್ಟ್ರ ಎಲ್ಲಿ ಶುರುವಾಯಿತು ಎಂಬುದು ಕಿವಿಗೆ ತಿಳಿಯುವುದಿಲ್ಲ. ಅಂಗಡಿ ಫಲಕಗಳ ಲಿಪಿ ಬದಲಾಗುತ್ತದೆ, ಬಸ್ಸಿನ ಬಣ್ಣ ಬದಲಾಗುತ್ತದೆ, ಮಾತು ಅದೇ ಇರುತ್ತದೆ. ಸಾಂಗ್ಲಿ ಜಿಲ್ಲೆಯ ಅತಿ ದೊಡ್ಡ ತಾಲ್ಲೂಕಾದ ಜತ್ತದ ಮೂಡಣ ಭಾಗದಲ್ಲಿ, ಉಮದಿ, ಸಂಖ, ಗುಡ್ಡಾಪುರದ ಕಡೆ, ಚಹಾದಂಗಡಿಯಲ್ಲಿ ಕುಳಿತರೆ ಇಂಡಿಯಲ್ಲೋ ತಿಕೋಟಾದಲ್ಲೋ ಕುಳಿತಂತೆಯೇ. ಗುಡ್ಡಾಪುರದ ದಾನಮ್ಮನ ಗುಡಿಗೆ ಕರ್ನಾಟಕದಿಂದ ಕಾಲ್ನಡಿಗೆಯಲ್ಲಿ ಭಕ್ತರು ಬರುತ್ತಾರೆ. ಗುರುದೇವ ರಾನಡೆಯವರ ಗುರು ಭಾವೂಸಾಹೇಬ ಮಹಾರಾಜರು ಉಮದಿಯವರು. ಮಳೆ ಮೋಡಗಳು ಸಹ್ಯಾದ್ರಿಯ ಆಚೆಗೇ ಹಗುರಾಗಿ ಇಲ್ಲಿಗೆ ಬರುವಷ್ಟರಲ್ಲಿ ಬರಿಗೈಯಾಗಿರುತ್ತವೆ. ಬಿಳಿಜೋಳ, ಸಜ್ಜೆ, ಮಾಡಗ್ಯಾಳದ ಎತ್ತರದ ಕುರಿ, ಖಿಲಾರಿ ಎತ್ತು, ಜತ್ತದ ಯಲ್ಲಮ್ಮನ ಜಾತ್ರೆಯಲ್ಲಿ ಆ ಎತ್ತುಗಳ ಸಂತೆ: ಈ ಸೀಮೆಯ ಬದುಕು ಇವುಗಳ ಸುತ್ತ ಸುತ್ತಿಕೊಂಡು ಬಂದದ್ದು.

ಇಂಥ ಊರಿಗೆ, ಕಳೆದ ಶತಮಾನದ ಮೂವತ್ತರ ದಶಕದ ಉತ್ತರಾರ್ಧದಲ್ಲಿ, ಟೆಸ್ಟ್ ಕ್ರಿಕೆಟ್ಟಿನಲ್ಲಿ ಅಲ್ಲಿಯವರೆಗೆ ಜಗತ್ತಿನಲ್ಲೇ ಅತಿ ಹೆಚ್ಚು ವಿಕೆಟ್ ಕಿತ್ತಿದ್ದ ಬೌಲರ್ ಪಾಠ ಹೇಳಲು ಬಂದಿದ್ದರು. ಹೆಸರು ಕ್ಲಾರೆನ್ಸ್ ವಿಕ್ಟರ್ ಗ್ರಿಮೆಟ್. ಕ್ರಿಕೆಟ್ ಲೋಕ ಪ್ರೀತಿಯಿಂದ ಕರೆದದ್ದು ಕ್ಲ್ಯಾರಿ ಗ್ರಿಮೆಟ್ ಎಂದು. ಜತ್ತದ ಅರಸರ ಕರೆಯ ಮೇಲೆ ಬಂದ ಅವರ ಕೈಯಲ್ಲಿ ಪಳಗಿದ ಯುವಕ ವಿಜಯ ಹಜಾರೆ. ಹಜಾರೆಯವರ ಹೆಸರಿನ ಟ್ರೋಫಿಯನ್ನು ಕರ್ನಾಟಕ ಮತ್ತೆ ಮತ್ತೆ ಎತ್ತಿ ಹಿಡಿದಿದೆ, ನಾವು ಸಂಭ್ರಮಿಸಿದ್ದೇವೆ. ಆ ಹೆಸರಿನ ಹಿಂದೆ ನಮ್ಮದೇ ಮಾತಾಡುವ ಒಂದು ಬರದ ಸೀಮೆ ಇದೆ ಎಂಬುದನ್ನು ಮಾತ್ರ ಯಾರೂ ನಮಗೆ ಹೇಳಿಕೊಡಲಿಲ್ಲ. ನನಗೂ ಇದು ತಡವಾಗಿ ತಿಳಿದದ್ದು. ತಿಳಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಜತ್ತದ ಅರಸರು ಡಫಳೆ ಮನೆತನದವರು. ಮೂಲ ಉಪನಾಮ ಚವಾಣ. ಡಫಳಾಪುರದ ಪಾಟೀಲಕಿಯಿಂದಾಗಿ ಡಫಳೆ ಎಂಬ ಹೆಸರು ಅಂಟಿತು. ವಿಜಾಪುರದ ಆದಿಲಶಾಹಿಗಳ ಸೇವೆಯಲ್ಲಿ ಮೇಲೆ ಬಂದವರು. ಆದಿಲಶಾಹಿ ಮುಳುಗಿತು, ಮೊಗಲರು ಬಂದು ಹೋದರು, ಸಾತಾರೆಯ ಛತ್ರಪತಿಗಳ ಕಾಲವೂ ಮುಗಿಯಿತು. ಸಣ್ಣ ಸಂಸ್ಥಾನ ಮಾತ್ರ ಉಳಿದುಕೊಂಡಿತು. ಬ್ರಿಟಿಷರ ಕಾಲದಲ್ಲಿ ಬಹುಕಾಲ ಇದು ಬಿಜಾಪುರ ಏಜೆನ್ಸಿಗೆ ಸೇರಿತ್ತು. ಬಿಜಾಪುರದ ಕಲೆಕ್ಟರರೇ ಇದರ ಮೇಲುಸ್ತುವಾರಿ ನೋಡುತ್ತಿದ್ದರು. ರಾಜ್ಯಗಳ ಗಡಿಗೆರೆ ಬಹಳ ಈಚಿನದು. ಜತ್ತದ ರೈತ ತನ್ನ ದೊಡ್ಡ ವ್ಯವಹಾರಗಳಿಗೆ ಮೂಡಣಕ್ಕೇ ಮುಖ ಮಾಡಿದ್ದ ಕಾಲವೊಂದಿತ್ತು. 1876–78ರ ಮಹಾಬರದಲ್ಲಿ ಬಿಜಾಪುರ ಜಿಲ್ಲೆಯನ್ನು ಕಾಡಿದ ಹಸಿವೇ ಇಲ್ಲಿಯ ಮನೆಗಳನ್ನೂ ಬರಿದು ಮಾಡಿತ್ತು.

1928ರಲ್ಲಿ ವಿಜಯಸಿಂಹರಾವ್ ಡಫಳೆ ಪಟ್ಟಕ್ಕೆ ಬಂದರು. ಆಗಿನ್ನೂ ಇಪ್ಪತ್ತರ ಹರೆಯ. ಸಂಸ್ಥಾನಿಕರಿಗೆ ಕ್ರಿಕೆಟ್ ಹುಚ್ಚು ಹಿಡಿದಿದ್ದ ಕಾಲ ಅದು. ಪಟಿಯಾಲದ ಮಹಾರಾಜರು ಇಂಗ್ಲೆಂಡಿನ ವಿಲ್ಫ್ರೆಡ್ ರೋಡ್ಸ್‌ರನ್ನೂ ಆಸ್ಟ್ರೇಲಿಯದ ಫ್ರಾಂಕ್ ಟಾರಂಟರನ್ನೂ ಕರೆಸಿಕೊಂಡಿದ್ದರು. ವಿಜಯನಗರಂನ ರಾಜಕುಮಾರ ಜ್ಯಾಕ್ ಹಾಬ್ಸ್‌ರಂಥವರನ್ನೇ ತಮ್ಮ ತಂಡಕ್ಕೆ ತಂದು ಆಡಿಸಿದ್ದರು. ದೊಡ್ಡ ಬೊಕ್ಕಸದವರ ಈ ಪೈಪೋಟಿಯಲ್ಲಿ ಜತ್ತ ಎಲ್ಲಿ ನಿಲ್ಲಬೇಕು? ಒಣ ಬೇಸಾಯದ ಕಂದಾಯದಿಂದ ನಡೆಯುವ ಸಂಸ್ಥಾನ ಒಬ್ಬ ಜಗತ್ಪ್ರಸಿದ್ಧ ಆಟಗಾರನನ್ನು ಸಾಗರದಾಚೆಯಿಂದ ಕರೆಸುವುದು ಸಣ್ಣ ಖರ್ಚಲ್ಲ. ಆ ದುಡ್ಡು ಯಾರ ಹೊಲದಿಂದ ಬಂತು ಎಂದು ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತು. ಅರಸರ ಕ್ರಿಕೆಟ್ಟನ್ನು ಮೆಚ್ಚಿ ಬರೆಯುವಾಗ ಜೋಳದ ಹೊಲದ ಬೆವರನ್ನು ಮರೆಯಬಾರದು. ಆದರೆ ಪಟಿಯಾಲ, ವಿಜಯನಗರಂಗಳ ಜೊತೆ ಹೋಲಿಸಿದಾಗ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಬೇರೆ ಅರಸರು ಹೆಚ್ಚಾಗಿ ಪಂದ್ಯ ಗೆಲ್ಲಲು ಪರದೇಶಿ ಆಟಗಾರರನ್ನು ತಂದರು. ಜತ್ತದ ಅರಸರು ತಂದದ್ದು ಗುರುವನ್ನು. ಆ ಗುರುವಿನ ಪಾಠ ಅರಮನೆಯ ಗೋಡೆ ದಾಟಿ ಸಾಂಗ್ಲಿಯ ಒಬ್ಬ ಬಡ ಶಾಲಾ ಮಾಸ್ತರರ ಮಗನಿಗೆ ಮುಟ್ಟಿತು.

ಯಾರು ಈ ಗ್ರಿಮೆಟ್? ಹುಟ್ಟಿದ್ದು 1891ರ ಡಿಸೆಂಬರ್ 25ರಂದು, ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನ ಬಳಿ. ಬೆಳೆದದ್ದು ವೆಲ್ಲಿಂಗ್ಟನ್ನಿನಲ್ಲಿ. ಹುಡುಗನಿಗೆ ವೇಗದ ಬೌಲಿಂಗ್ ಮಾಡುವ ಹಂಬಲವಿತ್ತು. ಶಾಲೆಯ ಮೇಷ್ಟ್ರೊಬ್ಬರು ಅವನ ಬೆರಳುಗಳ ಗುಣ ಗಮನಿಸಿ, ವೇಗ ಬಿಡು, ಲೆಗ್ ಸ್ಪಿನ್ ಹಾಕು ಎಂದು ಹಠ ಹಿಡಿದರು. ಹುಡುಗನಿಗೆ ಮೊದಲು ಬೇಸರವಾದರೂ ಆ ಮೇಷ್ಟ್ರ ಮಾತೇ ಬದುಕಿನ ದಾರಿಯಾಯಿತು. ಕಸುಬಿಗೆ ಫಲಕ ಬರೆಯುವುದನ್ನು ಕಲಿತರು. ನ್ಯೂಜಿಲೆಂಡಿಗೆ ಆಗ ಟೆಸ್ಟ್ ಆಡುವ ಅವಕಾಶವೇ ಇರಲಿಲ್ಲ. 1914ರಲ್ಲಿ ಹಡಗು ಹತ್ತಿ ಸಿಡ್ನಿಗೆ ಬಂದರು.

ಅಲ್ಲಿಂದ ಮುಂದಿನ ಹತ್ತು ವರ್ಷದ ಕತೆಯನ್ನು ಓದುವಾಗ ಸಂಕಟವಾಗುತ್ತದೆ. ಸಿಡ್ನಿಯಲ್ಲಿ ಕ್ಲಬ್ ಕ್ರಿಕೆಟ್, ಆಮೇಲೆ ಮೆಲ್ಬರ್ನ್. ವಿಕ್ಟೋರಿಯ ರಾಜ್ಯದ ತಂಡಕ್ಕೆ ಅಲ್ಲೊಂದು ಇಲ್ಲೊಂದು ಪಂದ್ಯಕ್ಕೆ ಕರೆಯುತ್ತಿದ್ದರು, ಮತ್ತೆ ಮರೆಯುತ್ತಿದ್ದರು. ಕುಳ್ಳ, ಸಣಕಲ, ಬಾಗಿದ ಬೆನ್ನು, ಬೋಳಾಗುತ್ತ ಬಂದ ತಲೆ. ಅದನ್ನು ಮುಚ್ಚಲೋ ಏನೋ, ಬೌಲ್ ಮಾಡುವಾಗಲೂ ಟೋಪಿ ತೆಗೆಯುತ್ತಿರಲಿಲ್ಲ. ಚೆಂಡು ಹಾಕುವಾಗ ಕೈ ಭುಜದ ಮಟ್ಟಕ್ಕೆ ಅಡ್ಡಡ್ಡ ಬೀಸುತ್ತಿತ್ತು. ನೋಡಿದವರಿಗೆ ಇವನೆಂಥ ಬೌಲರ್ ಅನ್ನಿಸುವಂಥ ಆಕಾರ. ವಿಕ್ಟೋರಿಯದ ಪರವಾಗಿ ದಕ್ಷಿಣ ಆಸ್ಟ್ರೇಲಿಯದ ವಿರುದ್ಧ ಒಂದೇ ಇನಿಂಗ್ಸಿನಲ್ಲಿ 8 ವಿಕೆಟ್ ಕಿತ್ತ ಮೇಲೆ, ಆ ಎದುರಾಳಿಗಳೇ ಅವರನ್ನು ತಮ್ಮಲ್ಲಿಗೆ ಕರೆದರು. 1924ರಲ್ಲಿ ಅಡಿಲೇಡಿಗೆ ಹೋಗಿ ನೆಲೆಸಿದರು. ಮುಂದಿನ ವರ್ಷ ಸಿಡ್ನಿಯಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್. ವಯಸ್ಸು 33. ಮೊದಲ ಇನಿಂಗ್ಸಿನಲ್ಲಿ 45ಕ್ಕೆ 5, ಎರಡನೆಯದರಲ್ಲಿ 37ಕ್ಕೆ 6. ಬೇರೆಯವರು ನಿವೃತ್ತಿಯ ಲೆಕ್ಕ ಹಾಕುವ ವಯಸ್ಸಿನಲ್ಲಿ ಇವರ ಟೆಸ್ಟ್ ಬದುಕು ಕಣ್ಣು ತೆರೆಯಿತು.

ನಂತರದ ಹತ್ತು ವರ್ಷ ಅವರದೇ. 1930ರ ಇಂಗ್ಲೆಂಡ್ ಪ್ರವಾಸವೆಂದರೆ ನಮಗೆ ನೆನಪಾಗುವುದು ಬ್ರಾಡ್ಮನ್ ಗಳಿಸಿದ 974 ಟೆಸ್ಟ್ ರನ್. ಅದೇ ಸರಣಿಯಲ್ಲಿ ಗ್ರಿಮೆಟ್ 29 ವಿಕೆಟ್ ಪಡೆದರು. ಇಡೀ ಪ್ರವಾಸದಲ್ಲಿ 144. ಶೆಫೀಲ್ಡಿನಲ್ಲಿ ಯಾರ್ಕ್‌ಷೈರ್ ವಿರುದ್ಧ ಒಂದು ಇನಿಂಗ್ಸಿನ ಹತ್ತಕ್ಕೆ ಹತ್ತೂ ವಿಕೆಟ್, ಕೊಟ್ಟದ್ದು 37 ರನ್. ಬಿಲ್ ಓರೈಲಿ ಜೊತೆಯಾದ ಮೇಲೆ ಒಂದು ತುದಿಯಲ್ಲಿ ಎತ್ತರದ ಓರೈಲಿಯ ಆರ್ಭಟ, ಇನ್ನೊಂದು ತುದಿಯಲ್ಲಿ ಈ ಕುಳ್ಳ ಮನುಷ್ಯನ ಮೌನ. ಬ್ಯಾಟ್ಸ್‌ಮನ್‌ಗೆ ಉಸಿರು ಬಿಡಲು ಜಾಗವಿರಲಿಲ್ಲ.

ಅವರ ಅಭ್ಯಾಸದ ಕತೆಗಳು ನಮ್ಮ ಸಂಗೀತಗಾರರ ಸಾಧನೆಯ ಕತೆಗಳ ಹಾಗಿವೆ. ಅಡಿಲೇಡಿನ ಮನೆಯ ಹಿತ್ತಿಲಲ್ಲೇ ಪಿಚ್ ಮಾಡಿಕೊಂಡಿದ್ದರು. ಒಬ್ಬರೇ ಗಂಟೆಗಟ್ಟಲೆ ಬೌಲ್ ಮಾಡುತ್ತಿದ್ದರು. ಚೆಂಡು ಹೆಕ್ಕಿ ತರಲು ತಮ್ಮ ನಾಯಿಗೆ ತರಬೇತಿ ಕೊಟ್ಟಿದ್ದರು. ಎಲ್ಲ ಚೆಂಡುಗಳೂ ಹೋಗುವವರೆಗೆ ಅದು ಕಾದು ಕೂತು ಆಮೇಲೆ ಒಂದೊಂದಾಗಿ ತರುತ್ತಿತ್ತಂತೆ. ಮನೆಯೊಳಗೆ ಟೇಬಲ್ ಟೆನಿಸ್ ಚೆಂಡನ್ನು ಬೆರಳುಗಳ ನಡುವೆ ಹಿಂಡಿ ಹಾರಿಸಿ, ಅದು ಯಾವ ಹಿಡಿತಕ್ಕೆ ಎತ್ತ ತಿರುಗುತ್ತದೆ ಎಂದು ನೋಡುತ್ತಿದ್ದರು. ಹೀಗೆ ಹುಟ್ಟಿದ್ದು ಇಂದು ಫ್ಲಿಪ್ಪರ್ ಎಂದು ಕರೆಯುವ ಎಸೆತ. ಮಾಮೂಲು ಲೆಗ್ ಸ್ಪಿನ್‌ನಲ್ಲಿ ಮಣಿಕಟ್ಟು ಹೊರಳಿ ಚೆಂಡು ತಿರುಗುತ್ತದೆ. ಫ್ಲಿಪ್ಪರಿನಲ್ಲಿ ಹೆಬ್ಬೆರಳು ಮತ್ತು ಮುಂದಿನ ಬೆರಳುಗಳ ನಡುವೆ ಚೆಂಡನ್ನು ಚಿಟಿಕೆ ಹೊಡೆದಂತೆ ಹಿಂಡಿ ಬಿಡಬೇಕು. ಆಗ ಚೆಂಡು ಹಿಮ್ಮುಖವಾಗಿ ಸುತ್ತುತ್ತ ಹೋಗುತ್ತದೆ, ನೆಲಕ್ಕೆ ತಾಗಿದ ಮೇಲೆ ಪುಟಿಯದೆ ಜಾರಿಕೊಂಡು ಸರ್ರನೆ ಒಳಗೆ ನುಗ್ಗುತ್ತದೆ. ಗಿಡ್ಡ ಚೆಂಡು ಬಂತೆಂದು ಹಿಂದೆ ಸರಿದು ಬ್ಯಾಟ್ ಎತ್ತಿದವನ ಕಾಲಿಗೋ ಸ್ಟಂಪಿಗೋ ಬಡಿಯುತ್ತದೆ. ಅದನ್ನು ಪಂದ್ಯದಲ್ಲಿ ಹಾಕುವ ಮೊದಲು ಹನ್ನೆರಡು ವರ್ಷ ಅಭ್ಯಾಸ ಮಾಡಿದರು ಎನ್ನುತ್ತಾರೆ. ಚಿಟಿಕೆಯ ಸದ್ದು ಕೇಳಿ ಬ್ಯಾಟ್ಸ್‌ಮನ್‌ಗಳು ಎಚ್ಚರಗೊಳ್ಳತೊಡಗಿದಾಗ, ಬಲಗೈಯಲ್ಲಿ ಸಾದಾ ಚೆಂಡು ಹಾಕುತ್ತ ಎಡಗೈಯಲ್ಲಿ ಚಿಟಿಕೆ ಹೊಡೆದು ದಿಕ್ಕು ತಪ್ಪಿಸುತ್ತಿದ್ದರು ಎಂಬ ಮಾತೂ ಇದೆ.

1935–36ರಲ್ಲಿ ದಕ್ಷಿಣ ಆಫ್ರಿಕ ಪ್ರವಾಸ. ಬ್ರಾಡ್ಮನ್ ಹೋಗಿರಲಿಲ್ಲ, ವಿಕ್ ರಿಚರ್ಡ್‌ಸನ್ ನಾಯಕ. ಐದು ಟೆಸ್ಟುಗಳಲ್ಲಿ ಗ್ರಿಮೆಟ್ ಕಿತ್ತದ್ದು 44 ವಿಕೆಟ್. ಈ ಸರಣಿಯಲ್ಲೇ ಇಂಗ್ಲೆಂಡಿನ ಸಿಡ್ನಿ ಬಾರ್ನ್ಸ್‌ರ 189 ವಿಕೆಟ್‌ಗಳ ದಾಖಲೆ ದಾಟಿದರು. ಟೆಸ್ಟ್ ಇತಿಹಾಸದಲ್ಲಿ 200 ವಿಕೆಟ್ ಮುಟ್ಟಿದ ಮೊದಲಿಗರೂ ಅವರೇ. ನಮ್ಮ ಎರಪಳ್ಳಿ ಪ್ರಸನ್ನ ನಿಂತದ್ದು ಸರಿಯಾಗಿ ಆ 189ರ ಮೇಲೆ ಎಂಬುದು ನೆನಪಾದಾಗ ಈ ಅಂಕಿಗೆ ನಮ್ಮ ಮನೆಯ ಪರಿಚಯ ಸಿಕ್ಕಂತಾಗುತ್ತದೆ. 36 ಟೆಸ್ಟುಗಳಲ್ಲಿ 200 ವಿಕೆಟ್ ಎಂಬ ಅವರ ವೇಗವನ್ನು ಮುರಿಯಲು ಜಗತ್ತು 2018ರ ಡಿಸೆಂಬರಿನವರೆಗೆ, 82 ವರ್ಷ ಕಾಯಬೇಕಾಯಿತು. ಮುರಿದದ್ದು ಪಾಕಿಸ್ತಾನದ ಯಾಸಿರ್ ಶಾ. ಡರ್ಬನ್ನಿನ ಕೊನೆಯ ಟೆಸ್ಟಿನಲ್ಲಿ ಗ್ರಿಮೆಟ್ 13 ವಿಕೆಟ್ ಪಡೆದರು. ಒಟ್ಟು 37 ಟೆಸ್ಟ್, 216 ವಿಕೆಟ್.

ಆ 13 ವಿಕೆಟ್‌ಗಳ ಪಂದ್ಯದ ನಂತರ ಆಸ್ಟ್ರೇಲಿಯ ಅವರನ್ನು ಮತ್ತೆಂದೂ ಟೆಸ್ಟಿಗೆ ಕರೆಯಲಿಲ್ಲ.

ಇದನ್ನು ನಾನು ಎಷ್ಟು ಸಲ ಓದಿದರೂ ಅರಗಿಸಿಕೊಳ್ಳಲು ಆಗಿಲ್ಲ. ಬ್ರಾಡ್ಮನ್ ನಾಯಕರಾದರು, ಆಯ್ಕೆಗಾರರೂ ಆದರು. ಗ್ರಿಮೆಟ್‌ಗೆ ವಯಸ್ಸಾಯಿತು, ಫ್ಲಿಪ್ಪರಿನ ಗುಂಗಿನಲ್ಲಿ ಲೆಗ್ ಬ್ರೇಕ್ ಮರೆತಿದ್ದಾರೆ ಎಂಬ ಅಭಿಪ್ರಾಯ ಅವರದಾಗಿತ್ತು ಎನ್ನುತ್ತಾರೆ. 1937ರ ನವೆಂಬರಿನಲ್ಲಿ ಅಡಿಲೇಡಿನಲ್ಲಿ ರಿಚರ್ಡ್‌ಸನ್ ಮತ್ತು ಗ್ರಿಮೆಟ್ ಇಬ್ಬರ ಗೌರವಾರ್ಥ ಪಂದ್ಯ ನಡೆಯಿತು. ಟಿಕೆಟ್ ಹಣವೆಲ್ಲ ಇವರಿಬ್ಬರಿಗೇ. ಬ್ರಾಡ್ಮನ್ ಆಡುತ್ತಿದ್ದಷ್ಟು ಹೊತ್ತೂ ಜನ ಬರುತ್ತಾರೆ, ಬಂದಷ್ಟೂ ಗಲ್ಲಾ ತುಂಬುತ್ತದೆ. ಆ ಬ್ರಾಡ್ಮನ್ನರನ್ನು 17ಕ್ಕೇ ಬೌಲ್ಡ್ ಮಾಡಿದವರು ಸ್ವತಃ ಗ್ರಿಮೆಟ್. ತಮ್ಮ ಲೆಗ್ ಬ್ರೇಕ್ ಇನ್ನೂ ತಿರುಗುತ್ತದೆ ಎಂದು ತೋರಿಸಿದ ಸಂತೋಷದಲ್ಲಿ ಅವರಿದ್ದರೆ, ನೂರಾರು ಪೌಂಡು ಕೈತಪ್ಪಿತಲ್ಲ ಎಂಬ ತಳಮಳದಲ್ಲಿ ರಿಚರ್ಡ್‌ಸನ್ ಇದ್ದರಂತೆ. ಹಣಕ್ಕಿಂತ ಆ ಒಂದು ಚೆಂಡು ದೊಡ್ಡದಾಗಿ ಕಂಡವನನ್ನು ಕಲಾವಿದ ಎನ್ನದೆ ಬೇರೇನೆನ್ನುವುದು? 1938ರ ಇಂಗ್ಲೆಂಡ್ ಪ್ರವಾಸಕ್ಕೂ ಅವರಿಗೆ ಕರೆ ಬರಲಿಲ್ಲ, ಫ್ರಾಂಕ್ ವಾರ್ಡ್ ಹೋದರು. ಗ್ರಿಮೆಟ್ ಮುನಿಸಿಕೊಂಡು ಕೂರಲಿಲ್ಲ. ದಕ್ಷಿಣ ಆಸ್ಟ್ರೇಲಿಯದ ಪರ ಆಡುತ್ತಲೇ ಇದ್ದರು, ಅಲ್ಲಿಯ ರಾಜ್ಯ ತಂಡಗಳ ಟೂರ್ನಿಯಾದ ಶೆಫೀಲ್ಡ್ ಶೀಲ್ಡ್‌ನಲ್ಲಿ ಒಟ್ಟು 513 ವಿಕೆಟ್ ಪೇರಿಸಿದರು.

ಹಿತ್ತಲ ಗಿಡ ಮದ್ದಲ್ಲ ಎಂದು ಆಸ್ಟ್ರೇಲಿಯ ಬದಿಗಿಟ್ಟ ಆ ಗಿಡಕ್ಕೆ ಜತ್ತದಿಂದ ಬೇಡಿಕೆ ಬಂತು.

ಆ ದಿನಗಳಲ್ಲಿ ಅಡಿಲೇಡಿನಿಂದ ಹೊರಟವರು ವಾರಗಟ್ಟಲೆ ಹಡಗಿನಲ್ಲಿ ಕಳೆದು ಬಂದರು ಸೇರಿ, ಅಲ್ಲಿಂದ ರೈಲು ಹಿಡಿಯಬೇಕು. ಜತ್ತ ಪಟ್ಟಣಕ್ಕೆ ರೈಲು ಇಂದಿಗೂ ಇಲ್ಲ. ಮೀರಜಿನ ಕಡೆಯಿಂದ ಬರುವ ದಾರಿಯಲ್ಲಿ ಕೃಷ್ಣೆಯ ಹಸಿರು ಸ್ವಲ್ಪ ದೂರ ಜೊತೆಗಿದ್ದು ಕೈಬಿಡುತ್ತದೆ. ಆಮೇಲೆ ಮೊರಂ ನೆಲ, ಕಲ್ಲುಗುಡ್ಡ, ಜಾಲಿ. ಆಟದಲ್ಲಿ ಒಣ ನೆಲವನ್ನು ಸ್ಪಿನ್ನರನಷ್ಟು ಪ್ರೀತಿಸುವವರು ಬೇರೆ ಇಲ್ಲ ಎಂಬುದೊಂದೇ ಗ್ರಿಮೆಟ್‌ಗೂ ಈ ಸೀಮೆಗೂ ಇದ್ದ ಮೊದಲ ನಂಟಿರಬೇಕು.

ನಮ್ಮ ಕಡೆ ಗುರು ಎಂದರೆ ಗರಡಿಮನೆಯ ವಸ್ತಾದ. ಸಾಂಗ್ಲಿ, ಕೊಲ್ಹಾಪುರ, ಬೆಳಗಾವಿ, ವಿಜಯಪುರದ ಇಡೀ ಪಟ್ಟಿಯಲ್ಲಿ ತಾಲೀಮು ಇಲ್ಲದ ದೊಡ್ಡ ಊರು ಅಪರೂಪ. ಕೆಮ್ಮಣ್ಣಿನ ಅಖಾಡದಲ್ಲಿ ವಯಸ್ಸಾದ ಪೈಲವಾನ ಕಂಬಕ್ಕೊರಗಿ ಕೂತು ಹುಡುಗರಿಗೆ ಪಟ್ಟು ಹೇಳಿಕೊಡುತ್ತಾನೆ. ಎಲ್ಲ ಪಟ್ಟು ಕಲಿಸಿದ ವಸ್ತಾದ ಒಂದನ್ನು ಮಾತ್ರ ತನ್ನಲ್ಲೇ ಇಟ್ಟುಕೊಳ್ಳುತ್ತಾನೆ ಎಂದು ಹಳ್ಳಿಗಳಲ್ಲಿ ಕತೆ ಹೇಳುತ್ತಾರೆ. ಶಿಷ್ಯ ತಿರುಗಿ ಬಿದ್ದರೆ ಬೇಕಾಗುತ್ತದಂತೆ. ಗ್ರಿಮೆಟ್ ಆ ಜಾತಿಯ ವಸ್ತಾದರಲ್ಲ. ಇನ್ನೂ ಆಡುತ್ತಿದ್ದ ಕಾಲದಲ್ಲೇ, 1930ರಲ್ಲಿ ಒಂದು, ಆಮೇಲೆ ಇನ್ನೊಂದು ಪುಸ್ತಕ ಬರೆದು ವಿಕೆಟ್ ಕೀಳುವ ವಿದ್ಯೆಯನ್ನು ಬಿಡಿಸಿ ಹೇಳಿದ್ದರು. ಮುಂದೆ 1948ರಲ್ಲಿ ಮತ್ತೊಂದು ಬಂತು. ಬಚ್ಚಿಟ್ಟ ಪಟ್ಟು ಎಂಬುದು ಅವರ ಬಳಿ ಇರಲಿಲ್ಲ. ಬ್ಯಾಟ್ಸ್‌ಮನ್‌ನ ಕಾಲು ಎಲ್ಲಿ ತಡವರಿಸುತ್ತದೆ, ಬ್ಯಾಟ್ ಎಲ್ಲಿ ಬೇಗ ಬರುತ್ತದೆ, ಮನಸ್ಸು ಎಲ್ಲಿ ಚಂಚಲವಾಗುತ್ತದೆ ಎಂಬುದನ್ನು ಹದಿನೈದು ವರ್ಷ ಎದುರಿನಿಂದ ಓದಿದ ಮನುಷ್ಯ ಅವರು. ಕಳ್ಳನ ದಾರಿ ಬಲ್ಲವನೇ ಒಳ್ಳೆಯ ಕಾವಲುಗಾರ. ಬೌಲರನೊಬ್ಬ ಬ್ಯಾಟಿಂಗ್ ಗುರುವಾದದ್ದು ಹೀಗೆ.

ಹಜಾರೆ ಹುಟ್ಟಿದ್ದು 1915ರ ಮಾರ್ಚ್ 11ರಂದು, ಸಾಂಗ್ಲಿಯಲ್ಲಿ. ಕ್ರೈಸ್ತ ಕುಟುಂಬ, ತಂದೆ ಶಾಲಾ ಶಿಕ್ಷಕರು, ಮನೆಯಲ್ಲಿ ಎಂಟು ಮಕ್ಕಳು. ಮಾತು ಕಡಿಮೆ, ನಾಚಿಕೆ ಹೆಚ್ಚು. ರಣಜಿ ಟ್ರೋಫಿಯ ಮೊಟ್ಟಮೊದಲ ಋತುವಾದ 1934–35ರಲ್ಲೇ ಮಹಾರಾಷ್ಟ್ರದ ಪರ ಆಡಿದ್ದರು. ಮಧ್ಯಮ ವೇಗದಲ್ಲಿ ಬೌಲ್ ಮಾಡುತ್ತಿದ್ದರು, ಬ್ಯಾಟೂ ಬೀಸುತ್ತಿದ್ದರು. ಯಾವುದರಲ್ಲಿ ದೊಡ್ಡವನಾಗಬಲ್ಲೆ ಎಂಬುದು ಅವರಿಗೇ ಸ್ಪಷ್ಟವಿದ್ದಂತಿಲ್ಲ. ಬ್ಯಾಟಿಂಗ್ ಹಿಡಿ ಎಂದು ಹೇಳಿದವರು ಗ್ರಿಮೆಟ್ ಎಂಬ ಮಾತಿದೆ. ಅಲ್ಲಿಗೆ ವೆಲ್ಲಿಂಗ್ಟನ್ನಿನ ಆ ಶಾಲೆಯ ಮೇಷ್ಟ್ರ ಋಣ ಜತ್ತದಲ್ಲಿ ತೀರಿದಂತಾಯಿತು.

ಹಜಾರೆ ಕ್ರೀಸಿನಲ್ಲಿ ನಿಲ್ಲುತ್ತಿದ್ದ ರೀತಿ ನೋಡಿದವರನ್ನು ಬೆರಗುಗೊಳಿಸುತ್ತಿತ್ತು. ಬ್ಯಾಟನ್ನು ಬಲಗಾಲಿನ ಪಕ್ಕ ಊರುವುದು ಎಲ್ಲರ ಪದ್ಧತಿ. ಇವರು ಎರಡೂ ಪ್ಯಾಡುಗಳ ನಡುವೆ ಸಿಕ್ಕಿಸಿಕೊಂಡವರಂತೆ ಇಟ್ಟು ನಿಲ್ಲುತ್ತಿದ್ದರು. ಪುಸ್ತಕದ ಪ್ರಕಾರ ಅದು ತಪ್ಪು. ಸಾಮಾನ್ಯ ತರಬೇತುದಾರನ ಕೈಗೆ ಸಿಕ್ಕಿದ್ದರೆ ಮೊದಲ ದಿನವೇ ಅದನ್ನು ಕಿತ್ತು ಹಾಕುತ್ತಿದ್ದ. ಗ್ರಿಮೆಟ್ ಪಾಠದ ನಂತರವೂ, ಟೆಸ್ಟ್ ಬದುಕಿನ ಉದ್ದಕ್ಕೂ, ಹಜಾರೆ ಹಾಗೆಯೇ ನಿಂತರು. ತನ್ನ ಅಡ್ಡಬೀಸಿನ ಕೈಯನ್ನು ನೋಡಿ ಹತ್ತು ವರ್ಷ ಮುಖ ತಿರುಗಿಸಿದವರನ್ನು ಕಂಡಿದ್ದ ಗುರು, ಶಿಷ್ಯನ ವಿಚಿತ್ರ ನಿಲುವನ್ನು ಅದರ ಪಾಡಿಗೆ ಬಿಟ್ಟದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಕಲಿಸುವವನ ಜಾಣತನದಲ್ಲಿ ಅರ್ಧದಷ್ಟು ಏನನ್ನು ಮುಟ್ಟಬಾರದು ಎಂಬುದರಲ್ಲಿದೆ ಎಂದು ನಾನು ನಂಬಿದ್ದೇನೆ.

ಫಲ ಬೇಗ ಕಂಡಿತು. 1939–40ರ ರಣಜಿಯಲ್ಲಿ ಪುಣೆಯಲ್ಲಿ ಬರೋಡಾ ವಿರುದ್ಧ ಹಜಾರೆ ಔಟಾಗದೆ 316. ಭಾರತದ ನೆಲದಲ್ಲಿ ಭಾರತೀಯನೊಬ್ಬ ಹೊಡೆದ ಮೊದಲ ತ್ರಿಶತಕ ಅದು. 1943ರಲ್ಲಿ ಮುಂಬಯಿಯ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಪಂಚಕೋನ ಟೂರ್ನಿ. ಧರ್ಮಕ್ಕೊಂದು ತಂಡವಾಗಿ ಆಡುತ್ತಿದ್ದ ಆ ಟೂರ್ನಿಯನ್ನು ಗಾಂಧೀಜಿ ವಿರೋಧಿಸಿದ್ದರು, ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಹಜಾರೆಯಂಥ ಕ್ರೈಸ್ತ ಹುಡುಗನಿಗೆ ಅಲ್ಲಿ ಸಿಕ್ಕದ್ದು ‘ಇತರರು’ ಎಂಬ ತಂಡದಲ್ಲಿ ಜಾಗ. ಹಿಂದೂಗಳ ತಂಡ 581 ಬಾರಿಸಿತ್ತು. ‘ಇತರರು’ ಫಾಲೋ ಆನ್ ಪಡೆದು ಮತ್ತೆ ಆಡಲು ಇಳಿದರು. ಒಂದು ತುದಿಯಿಂದ ವಿಕೆಟ್ ಉದುರುತ್ತಿದ್ದರೆ ಇನ್ನೊಂದು ತುದಿಯಲ್ಲಿ ಹಜಾರೆ. ಅಣ್ಣ ತಮ್ಮಂದಿರು ಸೇರಿ ಆರನೆಯ ವಿಕೆಟಿಗೆ 300 ರನ್ ಕೂಡಿಸಿದರು. ಅದರಲ್ಲಿ ಸಹೋದರ ವಿವೇಕ ಹಜಾರೆಯವರ ಪಾಲು ಕೇವಲ 21. ತಂಡದ ಒಟ್ಟು 387, ಅದರಲ್ಲಿ ವಿಜಯ ಹಜಾರೆಯವರದೊಬ್ಬರದೇ 309. ಪಂದ್ಯ ಸೋತರು. ಆದರೆ ಆ 21 ರನ್ನಿನ ವಿವೇಕರನ್ನು ನೆನೆದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ: ತಮ್ಮವನೊಬ್ಬ ಬೆಳಗುತ್ತಿರುವಾಗ ದೀಪಕ್ಕೆ ಕೈ ಅಡ್ಡ ಹಿಡಿದು ನಿಂತವರು.

ದೇವಾಸ್, ಆಮೇಲೆ ಬರೋಡಾ, ಹೀಗೆ ಸಂಸ್ಥಾನಗಳ ಆಶ್ರಯದಲ್ಲೇ ಅವರ ಜೀವನ ಸಾಗಿತು. 1946–47ರ ರಣಜಿ ಫೈನಲಿನಲ್ಲಿ ಹೋಳ್ಕರ್ ತಂಡದ ವಿರುದ್ಧ ಗುಲ್ ಮಹಮ್ಮದ್ ಜೊತೆ 577 ರನ್ನುಗಳ ಜೊತೆಯಾಟ, ಹಜಾರೆ 288, ಗುಲ್ ಮಹಮ್ಮದ್ 319. ಪ್ರಥಮ ದರ್ಜೆಯ ಆ ವಿಶ್ವದಾಖಲೆ 2006ರವರೆಗೆ ಅಲುಗಾಡಲಿಲ್ಲ.

ಈ ಕತೆಯಲ್ಲಿ ನಾನು ಕಾಯುತ್ತಿದ್ದ ಜಾಗ 1948ರ ಜನವರಿ. ಸ್ವತಂತ್ರ ಭಾರತದ ತಂಡ ಮೊದಲ ಸಲ ಆಸ್ಟ್ರೇಲಿಯ ಪ್ರವಾಸದಲ್ಲಿದೆ. ಎದುರಿಗೆ ಬ್ರಾಡ್ಮನ್ ನಾಯಕತ್ವ, ಲಿಂಡ್‌ವಾಲ್, ಮಿಲ್ಲರ್‌ರ ವೇಗ. ನಾಲ್ಕನೆಯ ಟೆಸ್ಟ್ 23ರಂದು ಶುರುವಾದದ್ದು ಅಡಿಲೇಡಿನಲ್ಲಿ. ಗ್ರಿಮೆಟ್ ನೆಲೆ ನಿಂತಿದ್ದ ಊರು ಅದು, ಹಿತ್ತಿಲ ಪಿಚ್ಚಿನ ಊರು. ಆಸ್ಟ್ರೇಲಿಯ 674 ಪೇರಿಸಿತು. ಬ್ರಾಡ್ಮನ್ 201 ಹೊಡೆದರು. ಅವರನ್ನು ಬೌಲ್ಡ್ ಮಾಡಿದ್ದು ಹಜಾರೆ. ಸಿಡ್ನಿಯ ಟೆಸ್ಟಿನಲ್ಲೂ ಬ್ರಾಡ್ಮನ್ ಸ್ಟಂಪು ಉರುಳಿಸಿದ್ದು ಹಜಾರೆಯೇ. ಭಾರತದ ಸರದಿಯಲ್ಲಿ ಹಜಾರೆ 116, ದತ್ತೂ ಫಡ್ಕರ್ 123. ತಂಡ 381ಕ್ಕೆ ಮುಗಿದು ಫಾಲೋ ಆನ್. ಎರಡನೆಯ ಇನಿಂಗ್ಸಿನಲ್ಲಿ ಫಲಕದ ಮೇಲೆ ಒಂದು ರನ್ ಕೂಡ ಬರುವ ಮೊದಲೇ ಲಿಂಡ್‌ವಾಲ್ ಎರಡು ವಿಕೆಟ್ ಕಿತ್ತರು. ಮೊದಲ ಶತಕದ ದಣಿವು ಇನ್ನೂ ಕೈಯಲ್ಲಿದ್ದ ಮನುಷ್ಯ, ಬ್ಯಾಟನ್ನು ಅದೇ ಎರಡು ಪ್ಯಾಡುಗಳ ನಡುವೆ ಇಟ್ಟು, ಮತ್ತೆ ನಿಂತ. 145 ಹೊಡೆದ. ಲಿಂಡ್‌ವಾಲ್ 38 ರನ್ನಿಗೆ 7 ವಿಕೆಟ್ ಪಡೆದ ಇನಿಂಗ್ಸು ಅದು. ಅಷ್ಟು ಬೆಂಕಿಯ ನಡುವೆ 145. ಒಂದೇ ಟೆಸ್ಟಿನ ಎರಡೂ ಇನಿಂಗ್ಸುಗಳಲ್ಲಿ ಶತಕ ಹೊಡೆದ ಮೊದಲ ಭಾರತೀಯ. ಭಾರತ ಇನಿಂಗ್ಸ್ ಮತ್ತು 16 ರನ್ನುಗಳಿಂದ ಸೋತಿತು. ಆದರೂ ಗ್ರಿಮೆಟ್ ಜತ್ತದಲ್ಲಿ ಬಿತ್ತಿದ್ದು ಅವರದೇ ಊರಿನ ಅಂಗಳದಲ್ಲಿ, ಅವರನ್ನು ಕೈಬಿಟ್ಟ ನಾಯಕನ ಕಣ್ಣೆದುರು ತೆನೆಯಾಗಿ ನಿಂತಿತು.

ಆ ಪಂದ್ಯ ಮುಗಿದದ್ದು ಜನವರಿ 28ಕ್ಕೆ. ಎರಡು ದಿನಕ್ಕೆ ದೆಹಲಿಯಲ್ಲಿ ಗಾಂಧೀಜಿಯ ಹತ್ಯೆಯಾಯಿತು. ಅಡಿಲೇಡಿನ ಪಂದ್ಯದಿಂದ ಸರಿಯಾಗಿ ನಲವತ್ತು ದಿನಕ್ಕೆ, 1948ರ ಮಾರ್ಚ್ 8ರಂದು, ಜತ್ತ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ವಿಜಯಸಿಂಹರಾವ್ ಅವರ ಇಪ್ಪತ್ತು ವರ್ಷದ ಆಳ್ವಿಕೆ ಮುಗಿಯಿತು. ಸೀಮೆ ಮೊದಲು ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು, ಆ ಜಿಲ್ಲೆಯ ಹೆಸರು 1960ರಲ್ಲಿ ಸಾಂಗ್ಲಿ ಎಂದಾಯಿತು. ಕನ್ನಡ ಮಾತಾಡುವ ಹಳ್ಳಿಗಳು ಎಲ್ಲಿಗೆ ಸೇರಬೇಕು ಎಂಬ ತಕರಾರಿನ ನಡುವೆ, ಇಲ್ಲಿ ಒಂದು ಕಾಲಕ್ಕೆ ಯಾರು ಬಂದಿದ್ದರು, ಏನು ಕಲಿಸಿದರು ಎಂದು ಕೇಳುವ ಪುರುಸೊತ್ತು ಎರಡೂ ರಾಜ್ಯಗಳಿಗೆ ಸಿಗಲಿಲ್ಲ.

ಹಜಾರೆ 1952ರ ಫೆಬ್ರವರಿಯಲ್ಲಿ ಮದರಾಸಿನಲ್ಲಿ ಭಾರತಕ್ಕೆ ಮೊಟ್ಟಮೊದಲ ಟೆಸ್ಟ್ ಗೆಲುವು ತಂದುಕೊಟ್ಟ ನಾಯಕ. ವಿನೂ ಮಂಕಡ್ 12 ವಿಕೆಟ್, ಪಂಕಜ್ ರಾಯ್ ಮತ್ತು ಪಾಲಿ ಉಮ್ರೀಗರ್ ಶತಕ, ಇಂಗ್ಲೆಂಡಿಗೆ ಇನಿಂಗ್ಸ್ ಮತ್ತು 8 ರನ್ನುಗಳ ಸೋಲು. 30 ಟೆಸ್ಟುಗಳಲ್ಲಿ 2,192 ರನ್, ಸರಾಸರಿ 47.65, ಏಳು ಶತಕ; ಪ್ರಥಮ ದರ್ಜೆಯಲ್ಲಿ 60 ಶತಕ ಮತ್ತು 595 ವಿಕೆಟ್. ಎರಡೂ ಕೈಯ ಕಸುಬನ್ನು ಅವರು ಕೊನೆಗೂ ಬಿಟ್ಟಿರಲಿಲ್ಲ.

ಗ್ರಿಮೆಟ್ 1980ರ ಮೇ 2ರಂದು ಅಡಿಲೇಡಿನಲ್ಲಿ ತೀರಿಕೊಂಡರು. ಅವರ ಚಿಟಿಕೆಯ ಚೆಂಡು ಮಾತ್ರ ಊರೂರು ಸುತ್ತಿತು. ಅಡಿಲೇಡಿನವರೇ ಆದ ಬ್ರೂಸ್ ಡೂಲಂಡ್ ಅದನ್ನು ಕಲಿತರು, ಡೂಲಂಡ್‌ರಿಂದ ರಿಚೀ ಬೆನೋ ಕಲಿತರು, ಮುಂದೆ ಶೇನ್ ವಾರ್ನ್ ಕೈಯಲ್ಲಿ ಅದು ಮಿಂಚಾಯಿತು. ಬೆಂಗಳೂರಿನ ಅನಿಲ್ ಕುಂಬ್ಳೆ ಫ್ಲಿಪ್ಪರ್ ಹಾಕಿ ಎಷ್ಟು ಜನರನ್ನು ಎಲ್‌ಬಿಡಬ್ಲ್ಯೂ ಬಲೆಗೆ ಕೆಡವಿದರೆಂದು ಎಂಬತ್ತು, ತೊಂಬತ್ತರ ದಶಕದಲ್ಲಿ ಹುಟ್ಟಿದ ಯಾವ ಕನ್ನಡಿಗನಿಗೂ ಹೇಳಬೇಕಾಗಿಲ್ಲ. ಪೋಲಿಯೊ ಬಡಿದ ಬಲಗೈಯಲ್ಲಿ ಬಿ.ಎಸ್. ಚಂದ್ರಶೇಖರ್ 58 ಟೆಸ್ಟುಗಳಲ್ಲಿ 242 ವಿಕೆಟ್ ಕಿತ್ತು ಗ್ರಿಮೆಟ್‌ರ 216ನ್ನು ದಾಟಿದಾಗ, ಗ್ರಿಮೆಟ್ ಇನ್ನೂ ಬದುಕಿದ್ದರು. ತನ್ನ ಹಾಗೆಯೇ ಪುಸ್ತಕಕ್ಕೆ ಒಗ್ಗದ ಕೈಯೊಂದು ಮೈಸೂರು ಸೀಮೆಯಿಂದ ಬಂದಿದೆಯೆಂದು ಆ ಮುದುಕನಿಗೆ ತಿಳಿದಿದ್ದರೆ ಖಂಡಿತ ಸಂತೋಷವಾಗುತ್ತಿತ್ತು.

ಹಜಾರೆ 2004ರ ಡಿಸೆಂಬರ್ 18ರಂದು ವಡೋದರಾದಲ್ಲಿ ಕಣ್ಣು ಮುಚ್ಚಿದರು. ದೇಶದ ರಾಜ್ಯ ತಂಡಗಳ ಏಕದಿನ ಟೂರ್ನಿ ಅವರ ಹೆಸರು ಹೊತ್ತಿದೆ. 2025ರ ಜನವರಿ 18ರಂದು ಅದರ ಫೈನಲ್ ನಡೆದದ್ದು ಅದೇ ವಡೋದರಾದಲ್ಲಿ. ಸೆಮಿಫೈನಲಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಬಂದ ವಿದರ್ಭಕ್ಕೆ ನಾಯಕ ಕರುಣ್ ನಾಯರ್, ಕರ್ನಾಟಕದಲ್ಲಿ ಬೆಳೆದು ಟೆಸ್ಟಿನಲ್ಲಿ ತ್ರಿಶತಕ ಹೊಡೆದ ಹುಡುಗ. ಕರ್ನಾಟಕಕ್ಕೆ ಮಯಂಕ್ ಅಗರ್ವಾಲ್. ಕರ್ನಾಟಕ 348 ಹೊಡೆದು 36 ರನ್ನುಗಳಿಂದ ಗೆದ್ದಿತು, ಐದನೆಯ ಸಲ ವಿಜಯ ಹಜಾರೆ ಟ್ರೋಫಿ ಎತ್ತಿತು. ಆ ಸಂಜೆ ಉಮದಿ, ಸಂಖದ ಮನೆಗಳಲ್ಲಿ ಮೊಬೈಲಿನ ಮೇಲೆ ಪಂದ್ಯ ನೋಡಿದವರು ಇದ್ದೇ ಇರುತ್ತಾರೆ, ಕರ್ನಾಟಕ ಗೆದ್ದಾಗ ಕನ್ನಡದಲ್ಲೇ ಕೂಗಿರುತ್ತಾರೆ. ಕಪ್ಪಿನ ಮೇಲಿದ್ದ ಹೆಸರಿನ ಮನುಷ್ಯ ಗುರುವಿನ ಮುಂದೆ ಬ್ಯಾಟ್ ಹಿಡಿದು ನಿಂತದ್ದು ತಮ್ಮದೇ ಜತ್ತ ಸೀಮೆಯಲ್ಲಿ ಎಂದು ಅವರಿಗೆ ಯಾರಾದರೂ ಹೇಳಬೇಕು.